ಬಾಟಲಿ ಇಟ್ಟರೂ ಜೋತುಬೀಳದ ಕಿಸೆ: ಬಟ್ಟೆ ಚೀಲಕ್ಕೆ ಹಿಗ್ಗುವ ಕಿಸೆ ಹೊಲಿಯುವ ಲೆಕ್ಕ

ಪ್ರಶ್ನೆ: ನಾನೂ ನನ್ನ ಅತ್ತಿಗೆಯೂ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲೇ ಶಾಲೆ ಮಕ್ಕಳಿಗೆ ಬಟ್ಟೆಯ ಚೀಲ ಹೊಲಿದು ಕೊಡುತ್ತೇವೆ. ಚೀಲದ ಪಕ್ಕದ ಪಟ್ಟಿ 12 ಸೆ.ಮೀ. ಅಗಲ. ಅದರ ಮೇಲೆ 15 ಸೆ.ಮೀ. ಬಟ್ಟೆ ಇಟ್ಟು, ಬಾಯಿಗೆ ಇಲಾಸ್ಟಿಕ್ ಹಾಕಿ ಕಿಸೆ ಮಾಡುತ್ತೇವೆ. ಮನೆಯಲ್ಲಿ ಇಟ್ಟು ನೋಡಿದಾಗ 1 ಲೀಟರಿನ ಬಾಟಲಿ ಸರಿಯಾಗಿಯೇ ಹೋಗುತ್ತದೆ. ಪುಸ್ತಕ ತುಂಬಿದ ಮೇಲೆ ತುರುಕಿದರೂ ಹೋಗುವುದಿಲ್ಲ, ಹೋದರೆ ಬಾಯಿ ಮುಂದಕ್ಕೆ ಜೋತುಬೀಳುತ್ತದೆ, ಒಂದೆರಡು ತಿಂಗಳಲ್ಲಿ ಮೇಲಿನ ಮೂಲೆ ಕಿತ್ತು ಬರುತ್ತದೆ. ಇನ್ನೊಂದು ಪಕ್ಕದಲ್ಲಿ ಕೊಡೆಗೂ, ಎದುರಲ್ಲಿ ಬುತ್ತಿಗೂ ಕಿಸೆ ಕೇಳುತ್ತಾರೆ. ಖಾಲಿ ಇದ್ದಾಗ ಚಪ್ಪಟೆಯಾಗಿದ್ದು ಬೇಕಾದಾಗ ಹಿಗ್ಗುವ ಕಿಸೆ ಹೊಲಿಯುವುದು ಹೇಗೆ?

ಉತ್ತರ: ನಿಮ್ಮ ಹೊಲಿಗೆಯಲ್ಲಿ ತಪ್ಪಿಲ್ಲ, ಕತ್ತರಿಸಿದ ಅಳತೆಯಲ್ಲಿ ತಪ್ಪಿದೆ. ಇಲಾಸ್ಟಿಕ್ ಕಿಸೆಯನ್ನು ಹಿಗ್ಗಿಸುವುದಿಲ್ಲ. ಒಳಗೆ ಹೆಚ್ಚುವರಿ ಬಟ್ಟೆ ಇದ್ದರೆ ಅದನ್ನು ಸುಮ್ಮನೆ ಹಿಡಿದಿಟ್ಟು, ಬೇಕಾದಾಗ ಬಿಟ್ಟುಕೊಡುತ್ತದೆ, ಅಷ್ಟೆ. ಬಟ್ಟೆಯೇ ಇಲ್ಲದಿದ್ದರೆ ಎಷ್ಟು ಒಳ್ಳೆಯ ಇಲಾಸ್ಟಿಕ್ ತಂದರೂ ಪ್ರಯೋಜನವಿಲ್ಲ.

ಮನೆಯಲ್ಲಿ ಹೋದ ಬಾಟಲಿ ಶಾಲೆಯಲ್ಲಿ ಯಾಕೆ ಹೋಗುವುದಿಲ್ಲ, ನೋಡಿ. 1 ಲೀಟರಿನ ಸಾಮಾನ್ಯ ಬಾಟಲಿಯ ಅಡ್ಡಳತೆ ಸುಮಾರು 8 ಸೆ.ಮೀ., ಅಂದರೆ ಸುತ್ತಳತೆ 25 ಸೆ.ಮೀ. ಚೀಲ ಖಾಲಿ ಇದ್ದಾಗ ಹಿಂದಿನ ಪಟ್ಟಿ ಒಳಕ್ಕೆ ಬಾಗುತ್ತದೆ. ನಿಮ್ಮ 15 ಸೆ.ಮೀ. ಕಿಸೆ, ಹಿಂದಿನ 12 ಸೆ.ಮೀ. ಪಟ್ಟಿ, ಎರಡೂ ಸೇರಿ 27 ಆಯಿತು, ಬಾಟಲಿ ಸಲೀಸಾಗಿ ಕೂತಿತು. ಪುಸ್ತಕ ತುಂಬಿದ ಮೇಲೆ ಆ ಪಟ್ಟಿ ಹಲಗೆಯ ಹಾಗೆ ಗಟ್ಟಿಯಾಗುತ್ತದೆ, ಒಳಕ್ಕೆ ಬಾಗುವುದಿಲ್ಲ. ಆಗ ಬಾಟಲಿಯನ್ನು ಪೂರಾ ಸುತ್ತಿಬರುವ ಕೆಲಸ ಕಿಸೆಯ ಬಟ್ಟೆಯೊಂದರ ಮೇಲೇ ಬೀಳುತ್ತದೆ, 15 ಸಾಲುವುದಿಲ್ಲ. ಹಾಗಾಗಿ ಕಿಸೆಯನ್ನು ಯಾವತ್ತೂ ತುಂಬಿದ ಚೀಲಕ್ಕೇ ಅಳೆಯಬೇಕು.

ಅಳೆಯುವುದಕ್ಕೆ ಸೂತ್ರ ಬೇಡ. ಮೇಜಿನ ಮೇಲೆ ಪೆನ್ಸಿಲಿನಿಂದ 12 ಸೆ.ಮೀ. ದೂರದಲ್ಲಿ ಎರಡು ಗೆರೆ ಎಳೆಯಿರಿ. ಬಾಟಲಿಯನ್ನು ಅವುಗಳ ನಡುವೆ ಮಲಗಿಸಿ, ಟೇಪನ್ನು ಒಂದು ಗೆರೆಯಿಂದ ಹೊರಡಿಸಿ ಬಾಟಲಿಯ ಮೇಲಿನಿಂದ ಹಾಯಿಸಿ ಇನ್ನೊಂದು ಗೆರೆಗೆ ತನ್ನಿ. 8 ಸೆ.ಮೀ. ಬಾಟಲಿಗೆ ಸುಮಾರು 21.5 ಬರುತ್ತದೆ. ಅದಕ್ಕೆ ಕೈಯಾಡಲು 1.5 ಸೇರಿಸಿ, 23. ಇದು ಹೊಲಿದ ಮೇಲೆ ಇರಬೇಕಾದ ಅಗಲ. ನಿಮ್ಮ ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ 11 ಸೆ.ಮೀ., ಒಂದೊಂದು ಪಕ್ಕಕ್ಕೆ 5.5. ಹಿಗ್ಗುವ ಕಿಸೆ ಎಂದರೆ ಈ 5.5 ಸೆ.ಮೀ.ಯನ್ನು ಖಾಲಿ ಇರುವಾಗ ಎಲ್ಲಿ ಅಡಗಿಸಿಡುವುದು ಎಂಬ ಪ್ರಶ್ನೆ.

ಇನ್ನು ಜೋತುಬೀಳುವ ಬಾಯಿ. ಇದರ ಕಾರಣ ಬಾಯಲ್ಲಿ ಇಲ್ಲ, ತಳದಲ್ಲಿದೆ. ಹೆಚ್ಚಿನವರು ಇಲಾಸ್ಟಿಕ್ ಬಿಗಿ ಮಾಡುತ್ತಾರೆ, ಅದರಿಂದ ಮೂಲೆ ಇನ್ನೂ ಬೇಗ ಕೀಳುತ್ತದೆ. ಕಿಸೆಯ ತಳವನ್ನು ಪಟ್ಟಿಗೆ ನೇರವಾಗಿ ಒಂದೇ ಗೆರೆಯಲ್ಲಿ ಹೊಲಿದಿದ್ದೀರಿ. ಬಾಟಲಿಯ ತಳವೋ 8 ಸೆ.ಮೀ. ಅಗಲದ ಬಿಲ್ಲೆ. ಬಟ್ಟೆ ಮೊದಲು ಆ ತಳದ ಅಡಿಯಲ್ಲಿ 8 ಸೆ.ಮೀ. ಹೊರಕ್ಕೆ ಬಂದು, ಆಮೇಲೆ ಮೇಲಕ್ಕೆ ಏರಬೇಕು. 18 ಸೆ.ಮೀ. ಎತ್ತರದ ಕಿಸೆ ಎಂದು ಕತ್ತರಿಸಿದ್ದರೆ ಅದರಲ್ಲಿ 8 ತಳಕ್ಕೇ ಹೋಯಿತು, ಮುಂಭಾಗಕ್ಕೆ ಉಳಿದದ್ದು 10. ಎರಡು ಮೂಲೆ 18ರ ಎತ್ತರದಲ್ಲಿ ಹೊಲಿಗೆಯಲ್ಲಿ ಸಿಕ್ಕಿಕೊಂಡಿವೆ, ನಡುವಿನ ಭಾಗ 10ಕ್ಕೆ ಇಳಿದಿದೆ. ಅದೇ ನಿಮಗೆ ಕಾಣುವ ಜೋತು. ಮೂಲೆ ಕೀಳುವುದೂ ಇದೇ ಎಳೆತದಿಂದ. ಆದ್ದರಿಂದ ಕಿಸೆಗೆ ಒಂದು ತಳ ಕೊಡಬೇಕು.

ಅಗಲಕ್ಕೂ ತಳಕ್ಕೂ ಒಂದೇ ತುಂಡು ಬಟ್ಟೆಯಲ್ಲಿ ಪರಿಹಾರ ಸಿಗುತ್ತದೆ. ಬಾಟಲಿ ಕಿಸೆಗೆ ನಾನು ಹೇಳುವುದು ಇದನ್ನೇ, ಏಕೆಂದರೆ ಜೋಡಣೆ ಕಡಿಮೆ, ತಪ್ಪಲು ಜಾಗ ಕಡಿಮೆ.

ಬಟ್ಟೆ 25 ಸೆ.ಮೀ. ಅಗಲ, 27 ಸೆ.ಮೀ. ಉದ್ದ ಕತ್ತರಿಸಿ. ಅಗಲದಲ್ಲಿ 23 ಕಿಸೆಗೆ, ಎರಡು ಪಕ್ಕಕ್ಕೆ ಹೊಲಿಗೆಗೆಂದು ಬಿಡುವ ಒಂದೊಂದು ಸೆ.ಮೀ. ಮಾರ್ಜಿನ್. ಉದ್ದದಲ್ಲಿ 18 ಎತ್ತರಕ್ಕೆ, 5.5 ತಳಕ್ಕೆ, 1 ತಳದ ಮಾರ್ಜಿನ್, 2.5 ಬಾಯಿ ಮಡಚಲು. ಹಾಸಿನ ಎಳೆ, ಅಂದರೆ ಥಾನಿನ ಉದ್ದಕ್ಕೆ ಓಡುವ ನೂಲು, ಮೇಲಿಂದ ಕೆಳಕ್ಕೆ ಬರಲಿ. ಹಾಸು ಸಾಮಾನ್ಯವಾಗಿ ಅಡ್ಡ ನೂಲಾದ ಹೊಕ್ಕಿಗಿಂತ ಗಟ್ಟಿ, ಬಾಟಲಿಯ ಭಾರ ಜಗ್ಗುವುದು ಆ ದಿಕ್ಕಿಗೇ. ಈಗ ಕೆಳಗಿನ ಎರಡು ಮೂಲೆಗಳಿಂದ 5.5 x 5.5 ಸೆ.ಮೀ. ಚೌಕ ಕತ್ತರಿಸಿ ತೆಗೆಯಿರಿ. ಇಲ್ಲಿ ಮಾರ್ಜಿನ್ ಸೇರಿಸಬೇಕೇ ಎಂದು ಗೊಂದಲ ಬೇಡ. ಎಲ್ಲ ಅಂಚಿಗೂ ಒಂದೇ 1 ಸೆ.ಮೀ. ಮಾರ್ಜಿನ್ ಇಟ್ಟಿದ್ದರೆ ಚೌಕದ ಅಳತೆಯೂ ತಳದ ಆಳವೂ ಒಂದೇ ಆಗುತ್ತದೆ. ಒಂದು ಅಂಚಿಗೆ 1, ಇನ್ನೊಂದಕ್ಕೆ ಅರ್ಧ ಎಂದು ಮಾಡಿದಲ್ಲಿ ಮಾತ್ರ ತಳ ಓರೆಯಾಗುತ್ತದೆ.

ಮೊದಲು ಬಾಯಿ. ಅರ್ಧ ಸೆ.ಮೀ. ಮಡಚಿ, ಮತ್ತೆ 2 ಸೆ.ಮೀ. ಒಳಕ್ಕೆ ಮಡಚಿ ಇಸ್ತ್ರಿ ಹಾಕಿ, ಕೆಳ ಅಂಚಿನಿಂದ 2 ಮಿ.ಮೀ. ಒಳಗೆ ಹೊಲಿಯಿರಿ. ಲಂಗದ ಲಾಡಿಗೆ ಬಿಡುವ ಮಡಿಕೆಯ ಹಾಗೆಯೇ ಇದು. 1.2 ಸೆ.ಮೀ. ಅಗಲದ ಇಲಾಸ್ಟಿಕ್ 15 ಸೆ.ಮೀ. ತುಂಡು ಮಾಡಿ ತೂರಿಸಿ, ಎರಡು ತುದಿಯನ್ನೂ ಪಕ್ಕದ ಮಾರ್ಜಿನಿನಲ್ಲಿ ಹೊಲಿದು ನಿಲ್ಲಿಸಿ. ಮಾರ್ಜಿನ್ ಕಳೆದರೆ 13 ಸೆ.ಮೀ. ಕೆಲಸಕ್ಕೆ ಸಿಗುತ್ತದೆ, ಪಟ್ಟಿಯ ಅಗಲಕ್ಕಿಂತ 1 ಸೆ.ಮೀ. ಹೆಚ್ಚು. ಇಲಾಸ್ಟಿಕ್ ಪಟ್ಟಿಗಿಂತ ಚಿಕ್ಕದಾದರೆ ಕಿಸೆ ಖಾಲಿ ಇರುವಾಗಲೂ ಅದು ಚೀಲದ ಪಕ್ಕವನ್ನು ಎಳೆದು ಸುಕ್ಕು ಮಾಡುತ್ತದೆ. ಬಾಟಲಿ ಇಟ್ಟಾಗ 13 ಹೋಗಿ 21.5 ಆಗಬೇಕು, ಅಂದರೆ ತನ್ನ ಉದ್ದದ ಸುಮಾರು ಮೂರನೇ ಎರಡು ಪಾಲಿನಷ್ಟು ಹಿಗ್ಗಬೇಕು. ಕೊಳ್ಳುವಾಗಲೇ 10 ಸೆ.ಮೀ. ಹಿಡಿದು 17ರವರೆಗೆ ಎಳೆದು ಬಿಡಿ. ಸಲೀಸಾಗಿ ಬಂದು, ಬಿಟ್ಟ ಕೂಡಲೇ ಮತ್ತೆ 10ಕ್ಕೆ ಬರಬೇಕು. ಬರುವುದಿಲ್ಲವಾದರೆ ಆ ಇಲಾಸ್ಟಿಕ್ ಬೇಡ.

ಒಂದು ಮಾತು: ಇಲಾಸ್ಟಿಕ್ಕನ್ನು ಬಟ್ಟೆಯ ಮೇಲೆ ಎಳೆದಿಟ್ಟು ನೇರವಾಗಿ ಹೊಲಿಯುವ ಅಭ್ಯಾಸ ಇದ್ದರೆ ಚೀಲಕ್ಕೆ ಅದನ್ನು ಬಿಡಿ. ಸೂಜಿ ಒಳಗಿನ ರಬ್ಬರ್ ಎಳೆಗಳನ್ನು ಚುಚ್ಚಿ ತುಂಡು ಮಾಡುತ್ತದೆ, ಜೊತೆಗೆ ರಬ್ಬರು ಎರಡು ಮೂರು ವರ್ಷದಲ್ಲಿ ಸಡಿಲವಾದಾಗ ಬದಲಿಸಲು ಆಗುವುದಿಲ್ಲ. ತೂರಿಸಿದ್ದಾದರೆ ಬಾಯಿ ಮಡಿಕೆಯ ಒಳಬದಿಯಲ್ಲಿ 2 ಸೆ.ಮೀ. ಹೊಲಿಗೆ ಬಿಚ್ಚಿ, ಹಳೆಯದರ ತುದಿಗೆ ಹೊಸದನ್ನು ಪಿನ್ನಿನಿಂದ ಸಿಕ್ಕಿಸಿ ಎಳೆದುಕೊಳ್ಳಬಹುದು.

ಆಮೇಲೆ ಚೌಕ ತೆಗೆದ ಮೂಲೆಗಳು. ಚೌಕದ ಎರಡು ಅಂಚನ್ನು, ಬಟ್ಟೆಯ ಮೇಲ್ಬದಿ ಒಳಗೆ ಬರುವಂತೆ, ಒಂದರ ಮೇಲೊಂದು ತಂದು 1 ಸೆ.ಮೀ.ಯಲ್ಲಿ ಹೊಲಿಯಿರಿ. ತಿರುಗಿಸಿದರೆ ಒಂದು ಪಕ್ಕ ಇಲ್ಲದ ಪೆಟ್ಟಿಗೆಯ ಆಕಾರ ಬರುತ್ತದೆ: ಮುಂಭಾಗ 12, ಎರಡು ಪಕ್ಕ 5.5, ತಳ 12 x 5.5. ಒಳಗಿನ ಕಚ್ಚಾ ಅಂಚಿಗೆ ಓವರ್‌ಲಾಕ್ ಇಲ್ಲದಿದ್ದರೆ ತೆಳು ಪೈಪಿಂಗ್ ಪಟ್ಟಿಯಿಂದ ಮುಚ್ಚಿ. ಕೈಮಗ್ಗದ ಬಟ್ಟೆ ನೂಲು ಬಿಡುತ್ತದೆ, ಮುಚ್ಚದಿದ್ದರೆ ನಾಲ್ಕು ಸಲ ಒಗೆದಾಗ ಮಾರ್ಜಿನ್ನೇ ಉಳಿಯುವುದಿಲ್ಲ.

ಬಾಟಲಿಯ ತಳ 8, ನಾವು ಕೊಟ್ಟ ತಳ 5.5. ಬಾಯಿ 2.5 ಸೆ.ಮೀ.ಯಷ್ಟು ಇಳಿಯುತ್ತದೆ, ಅದನ್ನು ಇಲಾಸ್ಟಿಕ್ ಬಾಟಲಿಗೆ ಒತ್ತಿ ಹಿಡಿಯುತ್ತದೆ. ಪೂರಾ 8 ಕೊಡುವುದು ನನಗೆ ಒಪ್ಪಿಗೆಯಿಲ್ಲ, ಖಾಲಿ ಕಿಸೆ ಚೀಲದಿಂದ ಗಂಟಿನ ಹಾಗೆ ಹೊರಬಂದು ಬಸ್ಸಿನಲ್ಲಿ ಎಲ್ಲರಿಗೂ ತಾಗುತ್ತದೆ.

ಪಟ್ಟಿಗೆ ಜೋಡಿಸುವುದು ಚೀಲವನ್ನು ಕೂಡಿಸುವ ಮೊದಲು. ಚೀಲದ ತಳದ ಹೊಲಿಗೆಗಿಂತ 2 ಸೆ.ಮೀ. ಮೇಲೆ ಪಟ್ಟಿಯ ಮೇಲೆ ಅಡ್ಡ ಗೆರೆ ಹಾಕಿ. ಇಲ್ಲವಾದರೆ ಚೀಲ ನೆಲಕ್ಕಿಟ್ಟಾಗಲೆಲ್ಲ ಬಾಟಲಿಯ ಅಂಚು ಬಟ್ಟೆಯನ್ನು ಸಿಮೆಂಟಿಗೆ ಉಜ್ಜಿ ತೂತು ಮಾಡುತ್ತದೆ. ಕಿಸೆಯನ್ನು ತಲೆಕೆಳಗಾಗಿ ಹಿಡಿದು, ಅದರ ತಳದ ಅಂಚಿನ ಮೇಲ್ಬದಿ ಪಟ್ಟಿಯ ಮೇಲ್ಬದಿಗೆ ತಾಗುವಂತೆ ಆ ಗೆರೆಗೆ ಇಟ್ಟು ಹೊಲಿಯಿರಿ. ಮಾರ್ಜಿನಿನಲ್ಲೇ 6 ಮಿ.ಮೀ. ಅಂತರದಲ್ಲಿ ಇನ್ನೊಂದು ಸಾಲು ಹೊಲಿಗೆ ಹಾಕಿ, ಆಮೇಲೆ ಕಿಸೆಯನ್ನು ಮೇಲಕ್ಕೆ ಮಗುಚಿ. ಪಕ್ಕದ ಅಂಚುಗಳನ್ನು ಪಟ್ಟಿಯ ಅಂಚಿಗೆ ಸರಿಯಾಗಿ ಇಟ್ಟು, 5 ಮಿ.ಮೀ.ಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದರೆ, ಚೀಲ ಕೂಡಿಸುವಾಗ ಕಿಸೆ ತನ್ನಿಂದ ತಾನೇ ಪಕ್ಕದ ಹೊಲಿಗೆಯೊಳಗೆ ಸೇರಿಕೊಳ್ಳುತ್ತದೆ. ಕೂಡಿಸುವಾಗ ಕಿಸೆಯ ಹೊಟ್ಟೆಯನ್ನು ನಡುವಿಗೆ ಸರಿಸಿ ಪಿನ್ನು ಚುಚ್ಚಿಡಿ. ಸಡಿಲ ಬಟ್ಟೆ ಹೊಲಿಗೆಯ ಕೆಳಗೆ ಹೋಗಿ ಸಿಕ್ಕಿಕೊಳ್ಳುವುದು ಈ ಹಂತದ ಮಾಮೂಲಿ ಅನಾಹುತ, ಬಿಚ್ಚಲು ಹೋದರೆ ಅರ್ಧ ದಿನ.

ಮೇಲಿನ ಮೂಲೆಗಳಿಗೆ ಪ್ರತ್ಯೇಕ ಗಮನ ಬೇಕು. ಅಲ್ಲಿ ಬಾಯಿಯ ಮಡಿಕೆ ಮೂರು ಪದರ, ಇಲಾಸ್ಟಿಕ್, ಪಟ್ಟಿ, ಅದರ ಲೈನಿಂಗ್, ಚೀಲದ ಮುಂಭಾಗ, ಅದರ ಲೈನಿಂಗ್ ಎಲ್ಲ ಸೇರುತ್ತವೆ. ಪಟ್ಟಿಯ ಹಿಂದುಗಡೆ, ಬಾಯಿಯ ತುದಿ ಬರುವ ಜಾಗದಲ್ಲಿ, 3 x 3 ಸೆ.ಮೀ. ಕ್ಯಾನ್ವಾಸ್ ತುಂಡು ಇಡಿ. ಬಟ್ಟೆ ಹರಿಯುವುದು ಹೊಲಿಗೆ ಸಡಿಲವಾಗಿ ಅಲ್ಲ, ಒಂದೇ ಎಳೆಯ ಮೇಲೆ ಭಾರ ಬಿದ್ದು. ಈ ತುಂಡು ಭಾರವನ್ನು ಹಂಚುತ್ತದೆ. ಆ 2 ಸೆ.ಮೀ. ಜಾಗದಲ್ಲಿ ಹಿಂದೆ ಮುಂದೆ ಮೂರು ಸಲ ಹೊಲಿಯಿರಿ. ಹಿಮ್ಮುಖ ಹೊಲಿಗೆ ಬಾರದ ಹಳೆಯ ಮಿಷನ್ ಆದರೆ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿ, ಬಟ್ಟೆಯನ್ನೇ ತಿರುಗಿಸಿಕೊಂಡು ವಾಪಸು ಬನ್ನಿ.

ಇಷ್ಟು ಪದರದ ಮೇಲೆ ಮಿಷನ್ ಹತ್ತುವಾಗ ಹೊಲಿಗೆ ತಪ್ಪುವುದು, ಸೂಜಿ ಮುರಿಯುವುದು ಸಹಜ. ಕಾರಣ ಸೂಜಿಯಲ್ಲ, ಕಾಲು. ಪ್ರೆಸರ್ ಫೂಟಿನ ಮೂತಿ ಗುಡ್ಡ ಹತ್ತಿ ಹಿಂಭಾಗ ತಗ್ಗಿನಲ್ಲಿದ್ದರೆ ಬಟ್ಟೆ ಮುಂದೆ ಸಾಗುವುದಿಲ್ಲ, ಸೂಜಿ ಒಂದೇ ಕಡೆ ಹೊಡೆಯುತ್ತದೆ. ಅದೇ ಬಟ್ಟೆಯ ಚೂರನ್ನು ನಾಲ್ಕು ಮಡಿಕೆ ಮಾಡಿ ಕಾಲಿನ ಹಿಂಭಾಗದ ಅಡಿಗೆ ತಳ್ಳಿ, ಕಾಲು ಸಮವಾಗಲಿ. ಚಕ್ರವನ್ನು ಕೈಯಿಂದಲೇ ತಿರುಗಿಸಿ ಆ ಗುಡ್ಡ ದಾಟಿಸಿ. ಮೊದಲೇ ಹಲಗೆಯ ಮೇಲಿಟ್ಟು ಮರದ ಕೊಡತಿಯಿಂದ ಎರಡು ಪೆಟ್ಟು ಹೊಡೆದರೆ ಪದರಗಳು ಕೂರುತ್ತವೆ. ಒಣಗಿದ ಬಟ್ಟೆ ಸೋಪನ್ನು ಆ ಮಡಿಕೆಯ ಮೇಲೆ ಉಜ್ಜಿದರೂ ಸೂಜಿ ಹಗುರಾಗಿ ಇಳಿಯುತ್ತದೆ. ದಪ್ಪ ಕಾಟನ್ನಿಗೆ 14ನೇ ನಂಬರಿನ ಸೂಜಿ, ಕ್ಯಾನ್ವಾಸಿಗೆ ಮತ್ತು ಜೀನ್ಸಿಗೆ 16. ಹೊಲಿಗೆಯ ಉದ್ದ 3 ಮಿ.ಮೀ., ಅಂದರೆ ಇಂಚಿಗೆ ಸುಮಾರು 8. ಗಟ್ಟಿಯಾಗಲಿ ಎಂದು ಇನ್ನೂ ಸಣ್ಣ ಹೊಲಿಗೆ ಹಾಕಬೇಡಿ, ಅಂಚೆಚೀಟಿಯ ಅಂಚಿನಂತೆ ಸಾಲು ತೂತು ಬಿದ್ದು ಬಟ್ಟೆ ಅಲ್ಲೇ ಹರಿಯುತ್ತದೆ. ನೂಲು ಪಾಲಿಯೆಸ್ಟರ್ ಇರಲಿ. ಹತ್ತಿ ನೂಲು ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಈ ತೇವದಲ್ಲಿ ನೆನೆದು ನೆನೆದು ಕೊಳೆಯುತ್ತದೆ.

ಕೊಡೆಯ ಕಿಸೆಗೆ ಇದೇ ಕ್ರಮ, ಇಲಾಸ್ಟಿಕ್ ಮಾತ್ರ ಬೇಡ. ಮೂರು ಮಡಿಕೆಯ ಕೊಡೆ ಒಣಗಿದ್ದಾಗ 5-6 ಸೆ.ಮೀ. ದಪ್ಪ, ನೆನೆದದ್ದನ್ನು ಮಕ್ಕಳು ಸುತ್ತಿ ತುರುಕಿದರೆ 7ಕ್ಕೆ ಕಡಿಮೆಯಿಲ್ಲ. 7ಕ್ಕೇ ಅಳೆಯಿರಿ. ಟೇಪು 19.5 ತೋರಿಸುತ್ತದೆ, ಕಿಸೆ 21, ಪಕ್ಕಕ್ಕೆ 4.5. ಕತ್ತರಿಸುವ ಬಟ್ಟೆ 23 x 28, ಮೂಲೆಯ ಚೌಕ 4.5, ಎತ್ತರ 20. ಇಲಾಸ್ಟಿಕ್ ಇಲ್ಲದ ಕಾರಣ ಪಕ್ಕದ ಬಟ್ಟೆಯನ್ನು ಹಾರ್ಮೋನಿಯಂ ತಿದಿಯ ಹಾಗೆ ಒಳಕ್ಕೆ ಮಡಚಿಡಬೇಕು. ಸಿದ್ಧ ಅಂಚಿನಿಂದ 4.5 ಸೆ.ಮೀ.ಯಲ್ಲಿ ಹೊರಕ್ಕೆ ಮಡಿಕೆ, ಅದರ ಅಂಚಿಗೆ 2 ಮಿ.ಮೀ. ಒಳಗೆ ಮೇಲಿಂದ ಕೆಳಗಿನವರೆಗೆ ಹೊಲಿಗೆ. ನಡುವೆ 2.25ರಲ್ಲಿ ಒಳಕ್ಕೆ ಮಡಿಕೆ, ಅದಕ್ಕೆ ಇಸ್ತ್ರಿ ಸಾಕು. ಹೊರ ಮಡಿಕೆಗೆ ಹೊಲಿಗೆ ಹಾಕದೆ ಇಸ್ತ್ರಿಯನ್ನೇ ನಂಬಿದರೆ ಮೊದಲ ಒಗೆತಕ್ಕೆ ತಿದಿ ಮಾಯವಾಗಿ ಕಿಸೆ ಜೋಲುಮುಖ ಹಾಕುತ್ತದೆ. ಬಾಯಿಯ ಮಡಿಕೆಯೊಳಗೆ ಇಲಾಸ್ಟಿಕ್ಕಿನ ಬದಲು 1.5 ಸೆ.ಮೀ. ಹತ್ತಿ ಟೇಪು ಕೂರಿಸಿ, ನಡುವೆ ಒಂದು ಗುಂಡಿ, ಪಟ್ಟಿಯಿಂದ ಒಂದು ಕುಣಿಕೆ. ಕುಣಿಕೆಯನ್ನು ಇಲಾಸ್ಟಿಕ್ ಹುರಿಯಲ್ಲಿ ಮಾಡಿದರೆ ದಪ್ಪ ಕೊಡೆಗೂ ತೆಳು ಕೊಡೆಗೂ ಹೊಂದುತ್ತದೆ.

ಕೇರಳದಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಜೂನ್ 1ರ ಆಸುಪಾಸಿನಲ್ಲೇ. ಅಂದರೆ ನಿಮ್ಮ ಚೀಲದ ಮೊದಲ ದಿನವೇ ಆ ಕಿಸೆಗೆ ಒದ್ದೆ ಕೊಡೆ ಬೀಳುತ್ತದೆ. ನೀರು ಇಳಿದುಹೋಗಲು ತಳದಲ್ಲಿ ಎರಡು ತೂತು ಬೇಕೇ ಬೇಕು. ತೂತಿಗೆ ಕೂರಿಸುವ ಲೋಹದ ಬಳೆ, ಐಲೆಟ್, ಕಬ್ಬಿಣದ್ದಾದರೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ. ಹಿತ್ತಾಳೆ ಅಥವಾ ಅಲ್ಯುಮಿನಿಯಂ ಹಾಕಿ, ಇಲ್ಲವೇ ತೂತಿನ ಸುತ್ತ ಕೈಯಲ್ಲೇ ಕಾಜಾ ಹೊಲಿಗೆ ಹಾಕಿ. ಕೊಡೆಯ ಕಿಸೆಗೆ ಲೈನಿಂಗ್ ಬೇಡ, ಎರಡು ಪದರದ ನಡುವೆ ನಿಂತ ತೇವದಿಂದಲೇ ಬೂಷ್ಟು ಶುರುವಾಗುವುದು. ಮಡಚುವ ಯಾವ ಭಾಗಕ್ಕೂ ಬಟ್ಟೆ ಬಿರುಸಾಗಲೆಂದು ಅಂಟಿಸುವ ಬಕ್ರಮ್ ಹಾಕಬೇಡಿ. ಮಡಿಕೆಯ ಗೆರೆಯಲ್ಲಿ ಅಂಟು ಬಿಟ್ಟು ಗುಳ್ಳೆ ಏಳುತ್ತದೆ, ಆ ಗುಳ್ಳೆಯೊಳಗೂ ಬೂಷ್ಟು.

ಎದುರುಗಡೆಯ ಬುತ್ತಿ ಕಿಸೆ ಪಕ್ಕದ ಹೊಲಿಗೆಗೆ ಸೇರುವುದಿಲ್ಲ, ಚೀಲದ ನಡುಮಧ್ಯೆ ಕೂರಬೇಕು. ಅದಕ್ಕೆ ಬೇರೆ ಪಟ್ಟಿ, ಗಸೆಟ್, ಕೊಟ್ಟು ಹೊಲಿಯುವುದೇ ಚೆಂದ. 16 x 11 x 5.5 ಸೆ.ಮೀ. ಡಬ್ಬಿ ಎಂದಿಟ್ಟುಕೊಳ್ಳಿ. ಕಿಸೆಯ ಮುಖ 17 ಅಗಲ, 14 ಎತ್ತರ, ಆಳ 6. ಮುಖದ ಬಟ್ಟೆ 19 x 17.5 ಕತ್ತರಿಸಿ. ಪಟ್ಟಿ 8 ಅಗಲ, 50 ಉದ್ದ: ಎರಡು ಪಕ್ಕ ಒಂದೊಂದೂ 14, ತಳ 17, ಎರಡು ತುದಿಯ ಮಡಿಕೆಗೆ ಒಂದೊಂದಕ್ಕೆ 2.5. ಪಟ್ಟಿಯ ಎರಡು ತುದಿಯಿಂದಲೂ 16.5ರಲ್ಲಿ, ಮುಖಕ್ಕೆ ಸೇರುವ ಅಂಚಿನಲ್ಲಿ, 8 ಮಿ.ಮೀ. ಆಳದ ಕಚ್ಚು ಹಾಕಿ. ಮೂಲೆ ತಿರುಗುವುದು ಅಲ್ಲೇ. ಕಚ್ಚು 1 ಸೆ.ಮೀ. ಮುಟ್ಟಿದರೆ ಹೊಲಿಗೆಯ ಹೊರಗೆ ತೂತು ಕಾಣುತ್ತದೆ, 5 ಮಿ.ಮೀ.ಗೇ ನಿಂತರೆ ಮೂಲೆಯಲ್ಲಿ ನೆರಿಗೆ ಬೀಳುತ್ತದೆ.

ಹೊಲಿಗೆ ತಳದ ನಡುವಿನಿಂದ ಶುರುಮಾಡಿ ಒಂದು ಕಡೆ ಮೇಲಕ್ಕೆ ಹೋಗಿ, ಮತ್ತೆ ನಡುವಿಗೆ ಬಂದು ಇನ್ನೊಂದು ಕಡೆ ಹೋಗಿ. ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಓಟದಲ್ಲಿ ಹೊಲಿದರೆ ಮಿಷನ್ ಹಲ್ಲು ಕೆಳಗಿನ ಬಟ್ಟೆಯನ್ನು ಹೆಚ್ಚು ಎಳೆದು, ಕೊನೆಗೆ ಒಂದು ಬಾಯಿ ಎತ್ತರ ಒಂದು ತಗ್ಗು ಆಗುತ್ತದೆ. ಮೂಲೆಗೆ 1 ಸೆ.ಮೀ. ಇರುವಾಗ ಸೂಜಿ ಇಳಿಸಿ ಕಾಲೆತ್ತಿ, ಕಚ್ಚು ಬಾಯಿ ತೆರೆಯುವಂತೆ ಪಟ್ಟಿಯನ್ನು ತಿರುಗಿಸಿ ಮುಂದುವರಿಯಿರಿ. ಪಟ್ಟಿಯ ಇನ್ನೊಂದು ಅಂಚನ್ನು 1 ಸೆ.ಮೀ. ಒಳಮಡಚಿ, ಚೀಲದ ಮೇಲೆ ಗುರುತು ಮಾಡಿದ 17 x 14ರ ಗೆರೆಗೆ ಇಟ್ಟು, ಅಂಚಿನಿಂದ 2 ಮಿ.ಮೀ.ಯಲ್ಲಿ ಹೊಲಿಯಿರಿ. ಮುಖವನ್ನು ಕೈಯಿಂದ ಅತ್ತ ಸರಿಸಿ ಹಿಡಿಯುತ್ತಾ ಹೋಗಬೇಕು, ಇದು ನಿಧಾನದ ಕೆಲಸ. ಬಾಯಿ ಪೂರಾ ತೆರೆಯುವುದು ಬೇಡವೆಂದಿದ್ದರೆ ಪಟ್ಟಿಯ ಮೇಲಿನ 1 ಸೆ.ಮೀ.ಯನ್ನು ಒಳಕ್ಕೆ ಮಡಚಿ ಎಲ್ಲ ಪದರ ಸೇರಿಸಿ ಹೊಲಿಯುವುದುಂಟು. ಬುತ್ತಿ ಕಿಸೆಗೆ ಅದು ಬೇಡ, ಡಬ್ಬಿಯೇ ಹೋಗುವುದಿಲ್ಲ.

ಬಟ್ಟೆಯ ಆಯ್ಕೆಯಲ್ಲಿ ಒಂದು ಎಚ್ಚರಿಕೆ. ಕಾಸರಗೋಡು ಸೀರೆಯ ತುಂಡುಗಳನ್ನು ಕಿಸೆಗೆ ಬಳಸುವ ಆಸೆ ನಮ್ಮ ಕಡೆಯವರಿಗೆ ಇದ್ದೇ ಇರುತ್ತದೆ, ಅದು ಚಂದವೂ ಹೌದು. ಆದರೆ ಅದು ಉಡುವುದಕ್ಕೆಂದು ನೇಯ್ದ ತೆಳು ಹತ್ತಿ, ಬಾಟಲಿಯ ಭಾರ ಹೊರಲಾರದು. ಹಿಂದುಗಡೆ ದಪ್ಪ ಹತ್ತಿಯ ಕೇಸ್‌ಮೆಂಟ್ ಬಟ್ಟೆ ಕೊಟ್ಟು, ಎರಡನ್ನೂ ಸೇರಿಸಿ ಒಂದೇ ಬಟ್ಟೆಯೆಂದು ಕತ್ತರಿಸಿ. ಬುತ್ತಿ ಕಿಸೆಯ ಮುಖಕ್ಕಾದರೆ ಸೀರೆಯ ಅಂಚು ತುಂಬ ಒಪ್ಪುತ್ತದೆ, ಅಲ್ಲಿ ಎಳೆತ ಕಡಿಮೆ. ಯಾವ ಹತ್ತಿ ಬಟ್ಟೆಯೇ ಆಗಲಿ, ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. 100 ಸೆ.ಮೀ.ಗೆ 3-5 ಸೆ.ಮೀ. ಕುಗ್ಗುವ ಬಟ್ಟೆಗೆ ಕುಗ್ಗದ ಪಾಲಿಯೆಸ್ಟರ್ ಟೇಪು ಹೊಲಿದರೆ ಮೊದಲ ಒಗೆತಕ್ಕೆ ಬಾಯಿ ಸುರುಟುತ್ತದೆ. 110 ಸೆ.ಮೀ. ಪನ್ನದ (ಅಗಲದ) ಬಟ್ಟೆಯಲ್ಲಿ ಬಾಟಲಿ ಕಿಸೆ ಅಡ್ಡಕ್ಕೆ 4, ಉದ್ದಕ್ಕೆ 81 ಸೆ.ಮೀ.ಯಲ್ಲಿ 3, ಒಟ್ಟು 12 ಬರುತ್ತವೆ. ಕುಗ್ಗುವುದನ್ನು ಸೇರಿಸಿ 90 ಸೆ.ಮೀ. ಕೊಳ್ಳಿ. ಚೌಕ ತೆಗೆದ ಚೂರುಗಳು ಮೂಲೆಯ ಒತ್ತಿಗೆ ಬರುತ್ತವೆ, ಬಟ್ಟೆ ದಪ್ಪವಿದ್ದರೆ ಬೇರೆ ಕ್ಯಾನ್ವಾಸ್ ಬೇಕಿಲ್ಲ.

ಒಂದು ಚೀಲ ಹೊಲಿದಾದ ಮೇಲೆ ಉಳಿದದ್ದನ್ನು ಕತ್ತರಿಸುವ ಮೊದಲು ಪರೀಕ್ಷೆ ಮಾಡಿ. ಚೀಲಕ್ಕೆ ಪುಸ್ತಕ ತುಂಬಿಸಿ, ನೀರು ತುಂಬಿದ ಬಾಟಲಿ ಇಟ್ಟು, ಗೋಡೆಯ ಮೊಳೆಗೆ ರಾತ್ರಿಯಿಡೀ ನೇತುಹಾಕಿ. ಬೆಳಿಗ್ಗೆ ಮೇಲಿನ ಮೂಲೆಯಲ್ಲಿ ಸೂಜಿ ತೂತು ಉದ್ದವಾಗಿ ಎಳೆದುಕೊಂಡಿದ್ದರೆ ಹಿಂದಿನ ಒತ್ತು ಬಟ್ಟೆ ಸಾಲದು, ಅಥವಾ ಹೊಲಿಗೆ ತೀರ ಸಣ್ಣದು. ತಳದ ಸಾಲಿನಲ್ಲಿ ನೂಲು ಹೊರಗೆ ಕಾಣಿಸಿದರೆ ಮಿಷನ್ನಿನ ನೂಲಿನ ಟೆನ್ಷನ್ ಸಡಿಲ. ಬಾಯಿ ನಡುವಿನಲ್ಲಿ 3 ಸೆ.ಮೀ.ಗಿಂತ ಹೆಚ್ಚು ಇಳಿದಿದ್ದರೆ ತಳದ ಚೌಕವನ್ನು ಅರ್ಧ ಸೆ.ಮೀ. ದೊಡ್ಡದು ಮಾಡಿ, ಬಟ್ಟೆಯ ಉದ್ದಕ್ಕೆ ಅರ್ಧ ಸೆ.ಮೀ., ಅಗಲಕ್ಕೆ 1 ಸೆ.ಮೀ. ಸೇರಿಸಿ. ಇಲಾಸ್ಟಿಕ್ಕನ್ನು ಮುಟ್ಟಬೇಡಿ.